ಆಷಾಢದ ಗಾಳೀಲಿ ಹೊರಗಡೆ ರೆಕಾರ್ಡಿಂಗ್: ಮೈಕ್‌ಗೆ ಬರೋ ಬೊರ್ರ್ ಸದ್ದು ನಿಲ್ಲಿಸೋದು ಹೇಗೆ?

ಕೆರೆದಂಡೆ
ಎಲ್ರಿಗೂ ನಮಸ್ಕಾರ. ಬೆಂಗಳೂರು ಸುತ್ತಮುತ್ತಲ ಕೆರೆಗಳ ಬಗ್ಗೆ ಅಲ್ಲಲ್ಲಿನ ಹಳಬರ ಮಾತು ರೆಕಾರ್ಡ್ ಮಾಡಿ ಪಾಡ್‌ಕಾಸ್ಟ್ ಹಾಕ್ತಾ ಇದೀನಿ. ಹೋದ ವಾರ ಹೆಸರಘಟ್ಟ ಕೆರೆ ಏರಿ ಮೇಲೆ ಕುರಿ ಕಾಯೋ ತಾತ ಒಬ್ರು ಸಿಕ್ಕಿದ್ರು. ಕೆರೆ ತುಂಬಿದ ವರ್ಷ ಹೇಗಿತ್ತು, ಯಾವ ಊರಿನ ದನ ಎಲ್ಲಿ ಮೇಯ್ತಿದ್ವು, ಎಲ್ಲಾ ಬಿಡಿಸಿ ಬಿಡಿಸಿ ಹೇಳಿದ್ರು. ಮನೆಗೆ ಬಂದು ಹೆಡ್‌ಫೋನ್ ಹಾಕಿದ್ರೆ ಅವರ ಮಾತಿನ ಮೇಲೆಲ್ಲ ಬೊರ್ರ್ ಬೊರ್ರ್ ಅಂತ ಗಾಳಿ. ಅರ್ಧಕ್ಕರ್ಧ ಕೇಳೋ ಹಾಗೇ ಇಲ್ಲ.

ನನ್ನ ಹತ್ರ ಇರೋದು ಝೂಮ್ ಎಚ್1ಎನ್ ಅನ್ನೋ ಸಣ್ಣ ರೆಕಾರ್ಡರ್, ಅದಕ್ಕೆ ಒಂದು ಸ್ಪಂಜಿನ ಟೋಪಿ. ತಾತನ ಅಂಗಿಗೆ ಬೋಯಾ ಕಾಲರ್ ಮೈಕ್ ಸಿಕ್ಕಿಸಿ ಫೋನಿಗೆ ಹಾಕಿದ್ದೆ. ಎರಡರಲ್ಲೂ ಅದೇ ಕತೆ.

ಈಗಾಗ್ಲೇ ಆಗಿರೋದನ್ನ ಉಳಿಸ್ಕೊಳ್ಳೋಕೆ ಆಗುತ್ತಾ? ಮುಂದಿನ ಸಲಕ್ಕೆ ಏನು ತಗೋಬೇಕು? ಎರಡು ಸಾವಿರದೊಳಗೆ ಮುಗೀಬೇಕು, ದೊಡ್ಡ ಬಜೆಟ್ ಇಲ್ಲ.

ಗಾಂಧಿಬಜಾರ್ ಗುಂಡ
ತಾತನ್ನ ಮನೆ ಒಳಗೆ ಕೂರಿಸ್ಬೇಕಿತ್ತು. ಮುಗೀತು.

ಕೆರೆದಂಡೆ
ಆಗ ಕೆರೆ ಎಲ್ಲಿ ಬರುತ್ತೆ ಸಾರ್? ಕುರಿ ಗಂಟೆ ಸದ್ದೂ ಬೇಕು, ನೀರು ಹಕ್ಕಿ ಸದ್ದೂ ಬೇಕು.

ಮೈಕ್ ಮಂಜಣ್ಣ
ಮೊದಲು ಒಂದು ನೋಡಿ. ಆ ಫೈಲನ್ನ ಆಡಾಸಿಟಿ ಅನ್ನೋ ಆಡಿಯೋ ಎಡಿಟಿಂಗ್ ಸಾಫ್ಟ್‌ವೇರಲ್ಲಿ ತೆಗೆದು ಝೂಮ್ ಮಾಡಿ. ಗಾಳಿ ಬಡಿದ ಕಡೆ ಅಲೆಯ ತಲೆ ದುಂಡಗಿದ್ಯಾ, ಇಲ್ಲ ಕತ್ತರಿಸಿದ ಹಾಗೆ ಚಪ್ಪಟೆ ಆಗಿದ್ಯಾ? ಚಪ್ಪಟೆ ಆಗಿದ್ರೆ ಆ ತುಂಡು ಹೋಯ್ತು ಅಂದ್ಕೊಳ್ಳಿ. ದುಂಡಗಿದ್ರೆ ದಾರಿ ಇದೆ.

ಎಫೆಕ್ಟ್‌ನಲ್ಲಿ ಹೈ ಪಾಸ್ ಫಿಲ್ಟರ್ ಅಂತ ಇರುತ್ತೆ, ನೀವು ಹೇಳಿದ ಆವರ್ತನಕ್ಕಿಂತ ಕೆಳಗಿನ ಸದ್ದನ್ನ ಕತ್ತರಿಸೋದು. 80 ಹರ್ಟ್ಸ್‌ನಿಂದ ಶುರು ಮಾಡಿ, ರೋಲ್ ಆಫ್ (ಎಷ್ಟು ಕಡಿದಾಗಿ ಕತ್ತರಿಸಬೇಕು ಅನ್ನೋದು) 24 ಡಿಬಿ, ಅಂದ್ರೆ ಡೆಸಿಬಲ್, ಇಡಿ. ಸಾಲದಿದ್ರೆ 100, 120 ಹೀಗೆ ಏರಿಸ್ತಾ ಹೋಗಿ. ಗಾಳಿಯ ಜೋರೆಲ್ಲ ಇರೋದು ಕೆಳಗಿನ ಆವರ್ತನದಲ್ಲಿ. ಮಾತು ತೆಳ್ಳಗಾಗುತ್ತೆ, ಆದ್ರೆ ಅರ್ಥ ಆಗುತ್ತೆ.

ಸರಸ್ವತೀಪುರಂ ಮೂಲದವ
120ಕ್ಕೆ ಕತ್ತರಿಸಿದ್ರೆ ಗಂಡಸರ ದನೀನೇ ಹೋಗಲ್ವಾ? ನಮ್ಮ ದನಿ ನಿಂತಿರೋದೇ ನೂರು ಹರ್ಟ್ಸ್ ಆಸುಪಾಸಲ್ಲಿ ಅಂತ ಓದಿದ್ದೆ.

ಮೈಕ್ ಮಂಜಣ್ಣ
ಹೋಗಲ್ಲ ಗುರು. ಮೇಲಿನ ಪದರಗಳು, ಅಂದ್ರೆ ಅದೇ ಸ್ವರದ ಎರಡರಷ್ಟು ಮೂರರಷ್ಟು ಆವರ್ತನದವು, ಉಳಿದಿದ್ರೆ ಕೆಳಗಿನ ಸ್ವರವನ್ನ ಕಿವಿ ತಾನೇ ತುಂಬ್ಕೊಳ್ಳುತ್ತೆ. ಹಳೇ ಲ್ಯಾಂಡ್‌ಲೈನ್ ಫೋನು 300 ಹರ್ಟ್ಸ್‌ಗಿಂತ ಕೆಳಗಿನದ್ದನ್ನ ಕಳಿಸ್ತಾನೇ ಇರ್ಲಿಲ್ಲ. ಆದ್ರೂ ಭಾವನ ದನಿ ಯಾವುದು, ಮನೆ ಓನರ್ ದನಿ ಯಾವುದು ಅಂತ ಹಲೋ ಅನ್ನೋಷ್ಟರಲ್ಲಿ ಗೊತ್ತಾಗ್ತಿತ್ತಲ್ಲ.

ಬೈಟ್ಸ್ ಬಸವನಗುಡಿ
ಇಷ್ಟೆಲ್ಲ ಯಾಕ್ರೀ ತಲೆ ಕೆಡಿಸ್ಕೊಳ್ತೀರಾ. ಸದ್ದು ಸರಿಮಾಡೋ ಸಾಫ್ಟ್‌ವೇರ್ ಐಝೋಟೋಪ್ ಆರ್‌ಎಕ್ಸ್‌ನಲ್ಲಿ ಡಿ-ವಿಂಡ್ ಅಂತಾನೇ ಇದೆ, ಒಂದು ಬಟನ್. ಈಗ ಎಐ ಟೂಲ್‌ಗಳು ಬೇರೆ ಬಂದಿವೆ, ಗಾಳಿ ಏನು, ಬಿಎಂಟಿಸಿ ಬಸ್ಸನ್ನೇ ತೆಗೆದುಹಾಕ್ತವೆ. ಮುಂದಿನ ಸಲಕ್ಕೆ 32 ಬಿಟ್ ಫ್ಲೋಟ್ ರೆಕಾರ್ಡರ್ ತಗೊಳ್ಳಿ, ತುಂಬಾ ಮೆತ್ತಗಿನ ಸದ್ದನ್ನೂ ತುಂಬಾ ಜೋರಿನದ್ದನ್ನೂ ಒಟ್ಟಿಗೇ ಬರೆದುಕೊಳ್ಳೋದು. ಕ್ಲಿಪ್ ಆಗೋ, ಅಂದ್ರೆ ಅಲೆಯ ತಲೆ ಚಪ್ಪಟೆ ಆಗೋ ಮಾತೇ ಇಲ್ಲ, ಎಡಿಟಿಂಗಲ್ಲಿ ಇಳಿಸ್ಕೊಂಡ್ರಾಯ್ತು.

ಬೂಮ್ ಹಿಡಿದ ಭಾಗ್ಯ
ಬಸವನಗುಡಿ ಅವ್ರೇ, ಇದನ್ನ ಕೇಳಿ ಕೇಳಿ ಸಾಕಾಗಿದೆ, ಅದಕ್ಕೆ ಉದ್ದಕ್ಕೆ ಬರೀತೀನಿ, ಬೇಜಾರ್ ಮಾಡ್ಕೋಬೇಡಿ. ನಾನು ಶೂಟಿಂಗ್‌ಗಳಲ್ಲಿ ಲೊಕೇಶನ್ ಸೌಂಡ್ ಕೆಲಸ ಮಾಡೋಳು.

32 ಬಿಟ್ ಫ್ಲೋಟ್ ಕಾಪಾಡೋದು ಅನಲಾಗ್ ಸಿಗ್ನಲ್ ಡಿಜಿಟಲ್ ಆಗೋ ಜಾಗವನ್ನ ಮಾತ್ರ. ಗಾಳಿ ಹೊಡೆಯೋದು ಅದಕ್ಕಿಂತ ಎಷ್ಟೋ ಮೊದಲು, ಮೈಕಿನ ಪೊರೆಗೆ, ಅಂದ್ರೆ ಸದ್ದಿಗೆ ನಡುಗೋ ತೆಳು ಹಾಳೆಗೆ. ಆ ಪೊರೆ ಪೂರ್ತಿ ಒತ್ತಿಹೋದ್ರೆ, ಇಲ್ಲ ಮೈಕ್ ಒಳಗಿನ ಸಣ್ಣ ಸರ್ಕ್ಯೂಟ್ ಅದನ್ನ ತಾಳದೇ ಇದ್ರೆ, ಆ ಹೊತ್ತಿನ ಮಾತು ತಂತಿಗೆ ಬರೋದೇ ಇಲ್ಲ. ಬಾರದೇ ಇರೋದನ್ನ ಎಷ್ಟು ಬಿಟ್‌ನಲ್ಲಿ ಬರೆದುಕೊಂಡ್ರೇನು?

ಇನ್ನು ಗಾಳಿ ಸದ್ದು ಅಂದ್ರೇನು ಅಂತ. ಗಾಳಿ ಸುಮ್ನೆ ಹರಿದುಹೋದ್ರೆ ಸದ್ದಿಲ್ಲ. ಅದು ಮೈಕಿಗೆ ಬಡಿದು ಸುಳಿ ಸುಳಿಯಾಗಿ ಒಡೆಯುತ್ತಲ್ಲ, ಆ ಸುಳಿಗಳು ಪೊರೆಯನ್ನ ತಳ್ಳೋದು ಎಳೆಯೋದು ಮಾಡಿದಾಗ ನಮಗೆ ಬೊರ್ರ್ ಕೇಳೋದು. ಗಾಳಿಯ ವೇಗ ಎರಡರಷ್ಟಾದ್ರೆ ಅದರ ಒತ್ತಡ ನಾಲ್ಕರಷ್ಟು, ಅಂದ್ರೆ ಹೆಚ್ಚುಕಮ್ಮಿ 12 ಡಿಬಿ ಏರಿಕೆ. ಅದಕ್ಕೇ ಮಂದ ಗಾಳೀಲಿ ಚೆನ್ನಾಗಿದ್ದ ಸ್ಪಂಜು ಒಂದು ಬೀಸು ಬಂದ ತಕ್ಷಣ ಕೈಕೊಡುತ್ತೆ.

ಹಾಗಾಗಿ ಮಾಡಬೇಕಾದ್ದು ಒಂದೇ: ಪೊರೆಯ ಸುತ್ತ ಗಾಳಿಯಾಡದ ಒಂದಿಷ್ಟು ಜಾಗ ಉಳಿಸೋದು, ಸುಳಿ ಏಳೋ ಜಾಗವನ್ನ ಮೈಕಿಂದ ದೂರ ತಳ್ಳೋದು. ಶೂಟಿಂಗಲ್ಲಿ ಕಾಣೋ ಆ ದೊಡ್ಡ ಬುಟ್ಟಿ, ಬ್ಲಿಂಪ್ ಅಂತೀವಲ್ಲ, ಅದರ ಒಳಗೆ ಇರೋದು ಬರೀ ನಿಂತ ಗಾಳಿ. ಹೊರಗಿನ ಉದ್ದ ರೋಮದ ಹೊದಿಕೆ ಗಾಳಿಯ ವೇಗವನ್ನ ಸುಳಿ ಏಳದ ಹಾಗೆ ಮೆತ್ತಗೆ ಮುರಿಯುತ್ತೆ. ಬುಟ್ಟಿ ದೊಡ್ಡದಾದಷ್ಟೂ ಒಳ್ಳೇದು, ಯಾಕಂದ್ರೆ ಹೊರಮೈಮೇಲೆ ಅಲ್ಲೊಂದು ಇಲ್ಲೊಂದು ಏಳೋ ಒತ್ತಡಗಳು ನಡುವಿನ ಮೈಕ್ ತಲುಪೋಷ್ಟರಲ್ಲಿ ಒಂದನ್ನೊಂದು ಕಳೆದುಕೊಳ್ತವೆ.

ಡಿ-ವಿಂಡ್ ನಾನೂ ಬಳಸ್ತೀನಿ. ಉಳಿದ ಚೂರುಪಾರಿಗೆ ಚೆನ್ನಾಗಿದೆ. ಅದನ್ನೇ ನಂಬ್ಕೊಂಡು ಮೈಕನ್ನ ಬೆತ್ತಲೆ ಬಿಡೋರ ಆಡಿಯೋ ಒಂದು ನಿಮಿಷ ಕೇಳಿದ್ರೆ ಗೊತ್ತಾಗುತ್ತೆ, ದನಿ ನೀರೊಳಗಿಂದ ಬಂದ ಹಾಗಿರುತ್ತೆ.

ಬೈಟ್ಸ್ ಬಸವನಗುಡಿ
ಮೇಡಂ, ನಾನು ಕವರ್ ಬೇಡ ಅಂದಿಲ್ವಲ್ಲ. ಆದ್ರೆ 32 ಬಿಟ್‌ನಿಂದ ಏನೂ ಉಪಯೋಗವಿಲ್ಲ ಅನ್ನೋದು ಜಾಸ್ತಿ ಆಯ್ತು. ಕುರಿ ಕಾಯೋ ತಾತ ಮೆತ್ತಗೆ ಮಾತಾಡ್ತಾ ಇದ್ದೋರು ತಟ್ಟನೆ ಹೋಯ್ ಅಂತ ಕೂಗಿದ್ರೆ ಲೆವೆಲ್ ಹಿಡಿಯೋಕೆ ಯಾರು ಕೂತಿರ್ತಾರೆ?

ಬೂಮ್ ಹಿಡಿದ ಭಾಗ್ಯ
ಆ ಹೋಯ್‌ಗೆ ಒಪ್ತೀನಿ. ಗಾಳಿಗೆ ಒಪ್ಪಲ್ಲ.

ವೈಟ್‌ಫೀಲ್ಡ್ ವನವಾಸಿ
ನಮ್ಮ ಕಡೆ ಗಾಳೀನೇ ಬೇಕಿಲ್ಲ. ಬೋರ್‌ವೆಲ್ ಲಾರಿ, ವಾಟರ್ ಟ್ಯಾಂಕರ್, ನಾಯಿ. ಇದಕ್ಕೆಲ್ಲ ಯಾವ ರೋಮದ ಕವರ್ ಇದೆ ಹೇಳಿ.

ಸೂಜಿದಾರ ಮಲ್ಲೇಶ್ವರ
ನನಗೆ ಮೈಕ್ ಬಗ್ಗೆ ಅಷ್ಟು ಗೊತ್ತಿಲ್ಲ, ಆದ್ರೆ ಮಗ ವಿಡಿಯೋ ಮಾಡ್ತಾನೆ ಅಂತ ಈ ರೋಮದ ಕವರ್ ಸುಮಾರು ಹೊಲಿದುಕೊಟ್ಟಿದೀನಿ, ಅವನ ಸ್ನೇಹಿತರಿಗೂ. ಅಂಗಡೀಲಿ ತಗೊಳ್ಳೋ ದುಡ್ಡಲ್ಲಿ ನಾಲ್ಕು ಹೊಲೀಬಹುದು.

ಚಿಕ್ಕಪೇಟೇಲಿ ಟೆಡ್ಡಿ ಗೊಂಬೆ ಮಾಡೋ ಫರ್ ಬಟ್ಟೆ ಅಂತ ಕೇಳಿ. ಕಾಲು ಮೀಟರ್ ಧಾರಾಳ. ರೋಮ ಎರಡು ಮೂರು ಸೆಂಟಿಮೀಟರ್ ಉದ್ದ ಇರ್ಲಿ, ಮಕ್ಕಳ ಹೊದಿಕೆ ಥರ ಗಿಡ್ಡ ರೋಮದ್ದು ಬೇಡ. ಮುಖ್ಯ ನೋಡಬೇಕಾದ್ದು ಬಟ್ಟೆಯ ಬೆನ್ನು. ಅಂಗಡಿಯವನು ಬೈದ್ರೂ ಪರವಾಗಿಲ್ಲ, ಬೆನ್ನನ್ನ ಬಾಯಿಗೆ ಹಿಡಿದು ಊದಿ. ಉಸಿರು ಆ ಕಡೆ ಸಲೀಸಾಗಿ ಹೋಗ್ಬೇಕು. ಕೆಲವಕ್ಕೆ ಬೆನ್ನಿಗೆ ಅಂಟು ಬಳಿದಿರ್ತಾರೆ, ಊದಿದ್ರೆ ಕೆನ್ನೆ ಉಬ್ಬುತ್ತೆ ಅಷ್ಟೆ. ಅದನ್ನ ತಗೋಬೇಡಿ, ಮಾತೂ ಒಳಗೆ ಹೋಗಲ್ಲ.

ಕತ್ತರಿಸುವಾಗ ಕತ್ತರಿ ಹಾಕ್ಬೇಡಿ. ಬಟ್ಟೆ ಮಗುಚಿ ಹಾಕಿ, ಬೆನ್ನಿನ ಕಡೆಯಿಂದ ಬ್ಲೇಡಲ್ಲಿ ಮೆಲ್ಲಗೆ ಬರೀ ಬಟ್ಟೆ ಮಾತ್ರ ಸೀಳಿ. ರೋಮ ಪೂರ್ತಿ ಉಳಿಯುತ್ತೆ. ಕತ್ತರಿ ಹಾಕಿದ್ರೆ ಅಂಚಿನ ರೋಮವೆಲ್ಲ ಮೊಂಡು, ಹೊಲಿಗೆ ಎದ್ದು ಕಾಣುತ್ತೆ, ಗಾಳಿ ಅಲ್ಲಿಂದಾನೇ ನುಗ್ಗುತ್ತೆ. ಹೊಲಿಯೋವಾಗ ರೋಮವನ್ನ ಬೆರಳಲ್ಲಿ ಒಳಕ್ಕೆ ತಳ್ಕೊಂಡು ಹೊಲೀರಿ, ಆಮೇಲೆ ಮಗುಚಿ, ಹೊಲಿಗೆ ಸಾಲಲ್ಲಿ ಸಿಕ್ಕಿಕೊಂಡಿರೋದನ್ನ ಸೂಜಿ ತುದೀಲಿ ಎಬ್ಬಿಸಿ. ಬಾಯಿಗೆ ಎಲಾಸ್ಟಿಕ್. ಈ ಕೆಲಸ ಬಾಲ್ಕನೀಲೋ ಟೆರೇಸಲ್ಲೋ ಇಟ್ಕೊಳ್ಳಿ, ಇಲ್ಲಾಂದ್ರೆ ಸಾರಿನಲ್ಲೂ ರೋಮ ಸಿಗುತ್ತೆ.

ಮೈಕ್ ಮಂಜಣ್ಣ
ಅಕ್ಕಾ, ಆ ಬ್ಲೇಡಿನ ಉಪಾಯಕ್ಕೆ ನಮಸ್ಕಾರ. ನನ್ನ ಕವರಿನ ಹೊಲಿಗೆ ಯಾಕೆ ಬಾಯಿ ಬಿಡ್ತಿತ್ತು ಅಂತ ಈಗ ಗೊತ್ತಾಯ್ತು.

ಪೀಣ್ಯ ಎರಡನೇ ಹಂತ
ಚಿಕ್ಕಪೇಟೇಲಿ ಗಾಡಿ ಎಲ್ಲಿ ನಿಲ್ಲಿಸೋದು ಅನ್ನೋದನ್ನೂ ಯಾರಾದ್ರೂ ಹೇಳಿ ಪುಣ್ಯ ಕಟ್ಕೊಳ್ಳಿ.

ಗಾಂಧಿಬಜಾರ್ ಗುಂಡ
ಗಾಡಿ ಮನೇಲಿ ನಿಲ್ಲಿಸಿ. ಮೆಟ್ರೋ ಇಲ್ವಾ, ಚಿಕ್ಕಪೇಟೆ ಅಂತಾನೇ ಸ್ಟೇಷನ್ ಇದೆ.

ಬೂಮ್ ಹಿಡಿದ ಭಾಗ್ಯ
ಸೂಜಿದಾರ ಅವರ ಮಾತಿಗೆ ಒಂದು ಸೇರಿಸ್ತೀನಿ. ಕವರ್ ಹೊಲಿದ ಮೇಲೆ ಬೀಗದ ಕೈ ಗೊಂಚಲು ಪರೀಕ್ಷೆ ಮಾಡಿ. ಮನೆ ಒಳಗೆ, ಫ್ಯಾನ್ ಆರಿಸಿ, ಮೈಕಿಂದ ಒಂದು ಮೀಟರ್ ದೂರದಲ್ಲಿ ಗೊಂಚಲು ಅಲ್ಲಾಡಿಸಿ ರೆಕಾರ್ಡ್ ಮಾಡಿ. ಕವರ್ ಹಾಕಿ ಒಂದು, ತೆಗೆದು ಒಂದು. ಆ ಕಿಣಿಕಿಣಿ ತುಂಬಾ ಮಂಕಾದ್ರೆ ನಿಮ್ಮ ಬಟ್ಟೆ ಮೇಲಿನ ಆವರ್ತನವನ್ನ ನುಂಗ್ತಾ ಇದೆ ಅಂತ. ಸ್ವಲ್ಪ ಮಂಕಾಗೋದು ಸಹಜ, ಎಡಿಟಿಂಗಲ್ಲಿ ಏರಿಸ್ಕೋಬಹುದು.

ಇನ್ನೊಂದು, ಎಚ್1ಎನ್ ಮೇಲೆ ಫರ್ ನೇರ ತಾಗ್ಕೊಂಡು ಕೂತ್ರೆ ಅರ್ಧ ಲಾಭ ಮಾತ್ರ. ನಡುವೆ ಒಂದು ಬೆರಳಗಲ ಖಾಲಿ ಇರ್ಬೇಕು.

ಜುಗಾಡ್ ಜಯನಗರ
ಆ ಖಾಲಿ ಜಾಗಕ್ಕೆ ನನ್ನ ಹತ್ರ ಪರಿಹಾರ ಇದೆ. ಟೀ ಸೋಸೋ ಪ್ಲಾಸ್ಟಿಕ್ ಜರಡಿ ಎರಡು, ಹಿಡಿ ಕತ್ತರಿಸಿ, ಬಾಯಿಗೆ ಬಾಯಿ ಸೇರಿಸಿ ಕೇಬಲ್ ಟೈ ಹಾಕಿ. ಕೆಳಗಡೆ ರೆಕಾರ್ಡರ್ ತೂರೋಷ್ಟು ತೂತು, ತೂತಿನ ಸುತ್ತ ಸ್ಪಂಜು. ಮೇಲೆ ಫರ್. ಸ್ಟೀಲ್ ಜರಡಿ ಬೇಡ, ಕೈ ತಗುಲಿದ್ರೆ ಸಾಕು ಟಿಂಗ್ ಅನ್ನುತ್ತೆ. ನೋಡೋಕೆ ದೇವರಿಗೇ ಪ್ರೀತಿ, ಆದ್ರೆ ಲಾಲ್‌ಬಾಗ್ ಬಂಡೆ ಮೇಲೆ, ಕೆಂಪೇಗೌಡರ ಗೋಪುರದ ಪಕ್ಕ ನಿಂತು ಸಂಜೆ ಹೊತ್ತು ರೆಕಾರ್ಡ್ ಮಾಡಿದೀನಿ, ಮಾತು ನೀಟಾಗಿ ಬಂದಿದೆ.

ಸರಸ್ವತೀಪುರಂ ಮೂಲದವ
ಪಾಪ್ ಫಿಲ್ಟರ್ ಸಾಕಾಗಲ್ವಾ? ಸ್ಟುಡಿಯೋದಲ್ಲಿ ಹಾಕ್ತಾರಲ್ಲ ದುಂಡಗೆ, ಅದು.

ಮೈಕ್ ಮಂಜಣ್ಣ
ಅದು ಬಾಯಿ ಉಸಿರಿಗೆ. ಫಲ, ಭಾಗ್ಯ ಅಂತ ಮಹಾಪ್ರಾಣ ಒತ್ತಿ ಹೇಳೋರ ಮುಂದೆ ಬೇಕೇ ಬೇಕು. ಗಾಳಿ ಒಂದೇ ದಿಕ್ಕಿಂದ ಬರಲ್ವಲ್ಲ, ಮುಂದೆ ಒಂದು ತಟ್ಟೆ ಇಟ್ರೆ ಪಕ್ಕದಿಂದ ಬರುತ್ತೆ.

ಬೂಮ್ ಹಿಡಿದ ಭಾಗ್ಯ
ಉದಾಹರಣೆಗೆ ನನ್ನ ಹೆಸರೇ ಬೇಕಿತ್ತಾ 😀

ಕೆಂಬೂತ
ನಾನು ಹಕ್ಕಿ ದನಿ ಹಿಡಿಯೋನು. ತುರಹಳ್ಳಿ, ಹೆಸರಘಟ್ಟದ ಹುಲ್ಲುಗಾವಲು, ಒಮ್ಮೊಮ್ಮೆ ನಂದಿ. ಸಾಮಾನಿಗಿಂತ ಹೊತ್ತು ಮುಖ್ಯ ಅನ್ನೋದು ನನ್ನ ವಾದ. ರಾತ್ರಿ ನೆಲ ತಣ್ಣಗಾದಾಗ ಅದರ ಮೇಲಿನ ಗಾಳಿಯೂ ತಣ್ಣಗಾಗಿ ಭಾರವಾಗಿ ಕೂತಿರುತ್ತೆ, ಮೇಲಿನ ಬೀಸು ಕೆಳಗಿಳಿಯಲ್ಲ. ಬಿಸಿಲೇರಿ ನೆಲ ಕಾದ ಮೇಲೆ ಎರಡೂ ಕಲಸಿಕೊಂಡು ಗಾಳಿ ಎದ್ದುಬಿಡುತ್ತೆ. ಆಷಾಢದಲ್ಲಿ ಬೆಳಗ್ಗೆಯೂ ಗಾಳಿ ಇರುತ್ತೆ, ಆದ್ರೂ ಆರು ಗಂಟೆಗೂ ಹನ್ನೊಂದು ಗಂಟೆಗೂ ಹೋಲಿಕೇನೇ ಇಲ್ಲ. ಕುರಿ ಕಾಯೋರು ಬೆಳಗ್ಗೆ ಎದ್ದಿರ್ತಾರೆ, ನಾವೇ ಏಳಬೇಕಾದ್ದು.

ಮೈಕ್ ಎತ್ತರವೂ ಲೆಕ್ಕ. ನೆಲದ ಹತ್ತಿರ ಗಾಳಿ ಕಮ್ಮಿ, ಮೇಲೆ ಹೋದಷ್ಟೂ ಜಾಸ್ತಿ. ತಾತನ್ನ ಏರಿ ಮೇಲೆ ನಿಲ್ಲಿಸೋ ಬದಲು, ಗಾಳಿಗೆ ಏರಿ ಅಡ್ಡ ಬರೋ ಕಡೆ ಕೆಳಗಿಳಿದು ಕೂತ್ಕೊಳ್ಳಿ. ಈ ತಿಂಗಳಲ್ಲಿ ನಮ್ಮಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮ, ನೈಋತ್ಯದಿಂದ. ಅನುಮಾನ ಇದ್ರೆ ಒಂದು ಊದುಬತ್ತಿ ಹಚ್ಚಿ ಹೊಗೆ ನೋಡಿ.

ಗನ್ ಮೈಕ್, ಆ ಉದ್ದ ಕೊಳವೆಯಂಥದ್ದು, ತಗೊಂಡ್ರೆ ಸರಿಹೋಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ಒಂದೇ ದಿಕ್ಕು ಕೇಳೋ ಮೈಕ್‌ಗಳು ಪೊರೆಯ ಎರಡೂ ಕಡೆಯ ಒತ್ತಡದ ವ್ಯತ್ಯಾಸದ ಮೇಲೆ ಕೆಲಸ ಮಾಡ್ತವೆ, ಗಾಳಿಗೆ ಬಲು ಬೇಗ ಕೆಣಕಿಕೊಳ್ತವೆ. ಎಲ್ಲಾ ಕಡೆ ಕೇಳೋ ಓಮ್ನಿ ಮೈಕು ಅಷ್ಟು ತೊಂದರೆ ಕೊಡಲ್ಲ. ನಿಮ್ಮ ಕಾಲರ್ ಮೈಕ್ ಓಮ್ನೀನೇ. ಅದಕ್ಕೊಂದು ಪುಟ್ಟ ರೋಮದ ಟೋಪಿ ಹಾಕಿದ್ರೆ ಎಚ್1ಎನ್‌ಗಿಂತ ಅದೇ ಚೆನ್ನಾಗಿ ಬರಬಹುದು.

ನಿವೃತ್ತ ಧ್ವನಿ
ಕೆಂಬೂತ ಹೇಳಿದ್ದು ಸರಿ. ನಾವು ರೇಡಿಯೋ ಕೆಲಸದಲ್ಲಿದ್ದಾಗ ರಿಬ್ಬನ್ ಮೈಕನ್ನ ಸ್ಟುಡಿಯೋ ಬಾಗಿಲು ದಾಟಿಸೋ ಹಾಗೇ ಇರಲಿಲ್ಲ. ಅದರ ರಿಬ್ಬನ್, ಅಂದ್ರೆ ಪೊರೆ ಬದಲು ಇರೋ ಲೋಹದ ಪಟ್ಟಿ, ಎಷ್ಟು ತೆಳು ಅಂದ್ರೆ ಒಂದು ಜೋರು ಬೀಸಿಗೆ ಹಿಗ್ಗಿ ಕೆಟ್ಟುಹೋಗುತ್ತೆ. ಹೊರಗಿನ ಕೆಲಸಕ್ಕೆ ಗಟ್ಟಿಮುಟ್ಟಾದ ಡೈನಮಿಕ್ ಓಮ್ನಿ ಮೈಕು, ಮಾತಾಡೋರ ಬಾಯಿಗೆ ಹತ್ತಿರ ಹಿಡಿಯೋದು. ಹತ್ತಿರ ಹಿಡಿದಷ್ಟೂ ಮಾತು ಜೋರು, ಗೇನ್, ಅಂದ್ರೆ ರೆಕಾರ್ಡರ್ ಸದ್ದನ್ನ ಹಿಗ್ಗಿಸೋ ಮಟ್ಟ, ಇಳಿಸಬಹುದು, ಗಾಳಿ ತಾನೇ ಹಿಂದೆ ಬೀಳುತ್ತೆ. ಈಗಿನವರು ಮೈಕ್ ಕಾಣಬಾರದು ಅಂತ ದೂರ ಇಟ್ಟು ಆಮೇಲೆ ಪರದಾಡ್ತಾರೆ. ಆಡಿಯೋ ಕಾರ್ಯಕ್ರಮದಲ್ಲಿ ಮೈಕ್ ಯಾರಿಗೆ ಕಾಣುತ್ತಪ್ಪಾ?

ಅಂದಹಾಗೆ ಹೆಸರಘಟ್ಟ ಕೆರೆ ಬಗ್ಗೆ ಕಾರ್ಯಕ್ರಮ ಮಾಡೋರು 1894 ಅಂತ ಒಂದು ಮಾತು ಹೇಳೋದು ಮರೀಬೇಡಿ. ಅರ್ಕಾವತಿ ನೀರನ್ನ ಅಲ್ಲಿಂದ ಬೆಂಗಳೂರಿಗೆ ತಂದದ್ದು ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ.

ಪೀಣ್ಯ ಎರಡನೇ ಹಂತ
ಅದಕ್ಕಿಂತ ಮುಂಚೆ ಬೆಂಗಳೂರಿಗೆ ಎಲ್ಲಿಂದ ನೀರು ಸಾರ್? ಧರ್ಮಾಂಬುಧಿ?

ನಿವೃತ್ತ ಧ್ವನಿ
ಧರ್ಮಾಂಬುಧಿ, ಸಂಪಂಗಿ, ಹಲಸೂರು, ಜೊತೆಗೆ ಬಾವಿ ಕಲ್ಯಾಣಿಗಳು. ಈಗ ಧರ್ಮಾಂಬುಧಿ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಕೆರೆ ಜಾಗದಲ್ಲಿ ಕಂಠೀರವ ಕ್ರೀಡಾಂಗಣ.

ನಿರ್ವಾಹಕ
ಕೆರೆ ಚರ್ಚೆಗೆ ಬೇರೆ ಎಳೆ ತೆಗೀರಿ ದಯವಿಟ್ಟು. ಇಲ್ಲಿ ಗಾಳಿ.

ಮದುವೆ ವಿಡಿಯೋ ಮಾದೇಶ
ಕಾಲರ್ ಮೈಕ್ ಬಗ್ಗೆ ನಾನು ಹೇಳ್ತೀನಿ, ದಿನಾ ಅದೇ ಕೆಲಸ. ಅಂಗಿ ಮೇಲೆ ಸಿಕ್ಕಿಸೋ ಬದಲು ಒಳಗಡೆ ಹಾಕಿ, ಬಟ್ಟೇನೇ ಗಾಳಿ ತಡೆಯುತ್ತೆ. ಆದ್ರೆ ಬಟ್ಟೆ ಉಜ್ಜೋ ಸದ್ದು ಬರುತ್ತಲ್ಲ, ಅದಕ್ಕೆ ಮೈಕಿನ ಎರಡೂ ಪಕ್ಕ ಟೇಪ್ ಹಾಕಿ ಬಟ್ಟೆಗೆ ಅಂಟಿಸಿಬಿಡಿ, ಮೈಕೂ ಬಟ್ಟೆಯೂ ಒಟ್ಟಿಗೇ ಅಲ್ಲಾಡಬೇಕು. ತಂತಿಯನ್ನ ಒಂದು ಸುತ್ತು ಸುತ್ತಿ ಅದಕ್ಕೂ ಟೇಪ್. ಹತ್ತಿ ಅಂಗಿ ಆದ್ರೆ ಚಿಂತೆ ಇಲ್ಲ. ರೇಷ್ಮೆ, ಪಾಲಿಯೆಸ್ಟರ್ ಸರಸರ ಅನ್ನುತ್ತೆ, ಮದುಮಗನ ಶೇರ್ವಾನಿ ಅಂತೂ ಕೇಳಲೇಬೇಡಿ. ತಾತನ ಹೆಗಲ ಮೇಲೆ ಟವೆಲ್ ಇದ್ರೆ ಅದನ್ನ ಇನ್ನೊಂದು ಹೆಗಲಿಗೆ ಹಾಕ್ಕೊಳ್ಳೋಕೆ ಹೇಳಿ.

ಪುಟ್ಟ ರೋಮದ ಟೋಪಿಗೆ ದಾರ ಕಟ್ಟಿ ತಂತಿಗೆ ಬಿಗೀರಿ. ಇಲ್ಲಾಂದ್ರೆ ಮಂಟಪ ಗುಡಿಸೋರಿಗೆ ಅದು ಸಿಗುತ್ತೆ, ನಿಮಗಲ್ಲ.

ಜುಗಾಡ್ ಜಯನಗರ
ದಾರ ಕಟ್ಟಿ ಅಂದಿದ್ದಕ್ಕೆ ನೆನಪಾಯ್ತು. ನಂದಿ ಬೆಟ್ಟದ ಮೇಲೆ ರೆಕಾರ್ಡರ್ ಸ್ಟ್ಯಾಂಡಿಗೆ ಹಾಕಿ ಬೆನ್ನು ತಿರುಗಿಸಿದ್ದೆ ಅಷ್ಟೆ. ಕೋತಿ ಒಂದು ಬಂದು ಫರ್ ಕವರ್ ಮಾತ್ರ ಕಿತ್ಕೊಂಡು ಗೋಡೆ ಮೇಲೆ ಕೂತು, ಅದರಲ್ಲಿ ಹೇನು ಹುಡುಕೋಕೆ ಶುರು ಮಾಡ್ತು. ಎಷ್ಟು ಮುತುವರ್ಜಿ ಅಂತೀರಾ! ಬಾಳೆಹಣ್ಣು ತೋರಿಸಿದ್ರೂ ಕೊಡ್ಲಿಲ್ಲ. ರೆಕಾರ್ಡರ್ ಓಡ್ತಾನೇ ಇತ್ತು, ಕವರ್ ಇದ್ದಾಗ ಹೇಗೆ, ಕಿತ್ತ ಮೇಲೆ ಹೇಗೆ ಅಂತ ಹೋಲಿಸೋಕೆ ಒಳ್ಳೇ ಸ್ಯಾಂಪಲ್ ಸಿಕ್ತು.

ಗಾಂಧಿಬಜಾರ್ ಗುಂಡ
ಆ ಆಡಿಯೋ ಹಾಕಿ ಸಾರ್, ಈ ಎಳೆ ಅಲ್ಲಿಗೇ ಮುಗಿಯುತ್ತೆ.

ಕೆರೆದಂಡೆ
ಎಲ್ರಿಗೂ ಥ್ಯಾಂಕ್ಸ್. ಮಂಜಣ್ಣ ಹೇಳಿದ ಹಾಗೆ ನೋಡಿದೆ. ಎಚ್1ಎನ್ ಫೈಲಲ್ಲಿ ಬೀಸು ಬಂದ ಕಡೆಯೆಲ್ಲ ಚಪ್ಪಟೆ. ಆದ್ರೆ ಕಾಲರ್ ಮೈಕ್ ಫೈಲಲ್ಲಿ ಮುಕ್ಕಾಲು ಪಾಲು ದುಂಡಗೇ ಇದೆ. 100ಕ್ಕೆ ಕತ್ತರಿಸಿದೆ, ತಾತನ ಮಾತು ಅರ್ಥ ಆಗೋ ಹಾಗೆ ಬಂತು. ಬಟ್ಟೆ ತಂದಿದೀನಿ, ಅಂಗಡೀಲಿ ಊದಿ ನೋಡಿದ್ದಕ್ಕೆ ಅವರು ನನ್ನ ಮುಖಾನೇ ನೋಡ್ತಾ ನಿಂತ್ರು.

ಒಂದು ಅರ್ಥ ಆಗ್ಲಿಲ್ಲ. ಬರೀ ಫೋನಲ್ಲೇ ಮಾಡಿದ ಒಂದು ಸಣ್ಣ ವಿಡಿಯೋದಲ್ಲಿ ಗಾಳಿ ಅಷ್ಟಿಲ್ಲ. ಅದು ಹೇಗೆ?

ಬೈಟ್ಸ್ ಬಸವನಗುಡಿ
ಇದಕ್ಕೆ ನಾನು ಉತ್ತರ ಕೊಡ್ತೀನಿ. ಈಗಿನ ಫೋನಲ್ಲಿ ಎರಡು ಮೂರು ಮೈಕ್ ಇರ್ತವೆ. ಮಾತು ಬಂದ್ರೆ ಎಲ್ಲ ಮೈಕ್‌ಗೂ ಹೆಚ್ಚುಕಮ್ಮಿ ಒಂದೇ ಥರ ತಲುಪುತ್ತೆ. ಗಾಳಿಯ ಸುಳಿ ಹಾಗಲ್ಲ, ಒಂದೊಂದು ತೂತಿನಲ್ಲಿ ಒಂದೊಂದು ಥರ. ಹೋಲಿಸಿ ನೋಡಿ, ಹೊಂದದೇ ಇರೋದು ಗಾಳಿ ಅಂತ ಸಾಫ್ಟ್‌ವೇರ್ ಪತ್ತೆ ಹಚ್ಚಿ ಇಳಿಸುತ್ತೆ. ನೋಡಿ, ಸಾಫ್ಟ್‌ವೇರ್ ಅಂದ್ರೆ ಮೂಗು ಮುರೀಬೇಡಿ ಅಂತ ಇದಕ್ಕೇ ಹೇಳಿದ್ದು.

ಬೂಮ್ ಹಿಡಿದ ಭಾಗ್ಯ
ಸರಿಯಾಗೇ ಹೇಳಿದ್ರಿ. ಆದ್ರೆ ಅದೇ ವಿಡಿಯೋದಲ್ಲಿ ಕುರಿ ಗಂಟೆ ಎಷ್ಟು ಕೇಳ್ತಿದೆ ಅಂತಲೂ ನೋಡ್ಲಿ. ಮಾತಲ್ಲದ್ದೆಲ್ಲ ಕಸ ಅಂತ ಅದು ಗುಡಿಸಿರುತ್ತೆ.

ಕೆರೆದಂಡೆ
ಹೌದು ಮೇಡಂ, ಗಂಟೆ ಹತ್ರ ಹತ್ರ ಇಲ್ವೇ ಇಲ್ಲ.

ಕೆಂಬೂತ
ಹೈ ಪಾಸ್ ಫಿಲ್ಟರಿಗೂ ಅದೇ ಎಚ್ಚರಿಕೆ. ಹೆಚ್ಚಿನ ಹಕ್ಕಿಗಳು ಕೂಗೋದು ಒಂದು ಕಿಲೋಹರ್ಟ್ಸ್ ಮೇಲೆ, ಏನೂ ಆಗಲ್ಲ. ನನ್ನ ಹೆಸರಿನ ಹಕ್ಕಿಯ ಊಪ್ ಊಪ್ ಇದ್ಯಲ್ಲ, ಗೂಬೆ ಇದ್ಯಲ್ಲ, ಅವು ಕೆಳದನಿಯವು. ಸಿಕ್ಕಾಪಟ್ಟೆ ಏರಿಸಿದ್ರೆ ಗಾಳಿ ಜೊತೆ ಅವೂ ಹೋಗ್ತವೆ. ಮೂಲ ಫೈಲ್ ಮುಟ್ಟದೇ ಪ್ರತಿ ಮೇಲೆ ಕೆಲಸ ಮಾಡಿ.

ಮತ್ತೆ ಮರದ ಕೆಳಗೆ ಕೂರೋರು ಮರ ನೋಡ್ಕೊಂಡು ಕೂರಿ. ಅರಳಿ ಎಲೆ ಸಣ್ಣ ಗಾಳಿಗೂ ಪಟಪಟ ಅನ್ನುತ್ತೆ, ನೀಲಗಿರಿ ತೋಪು ಸುಯ್ಯೋ ಅನ್ನುತ್ತೆ. ಅದು ನಿಜವಾದ ಸದ್ದು, ಮೈಕಿನ ದೋಷವಲ್ಲ, ಯಾವ ರೋಮವೂ ತಡೆಯಲ್ಲ. ಹುಣಸೆ ಮರ ಆದ್ರೆ ಪರವಾಗಿಲ್ಲ.

ವೈಟ್‌ಫೀಲ್ಡ್ ವನವಾಸಿ
ಹುಣಸೆ ಮರದ ಕೆಳಗೆ ಹೊತ್ತಲ್ಲದ ಹೊತ್ತಲ್ಲಿ ಕೂರಬಾರದು ಅಂತ ನಮ್ಮಜ್ಜಿ ಹೇಳ್ತಿದ್ರು. ಮೈಕಲ್ಲಿ ಬೇರೆ ಏನಾದ್ರೂ ಬಂದ್ರೆ ನಮ್ಮನ್ನ ಕೇಳ್ಬೇಡಿ.

ಕೆರೆದಂಡೆ
😀 ಕೊನೇ ಪ್ರಶ್ನೆ. ಮುಂದಿನ ವಾರ ಮಳೆ ಅಂತಿದಾರೆ. ತುಂತುರು ಹನಿ ಬಿದ್ರೆ ಫರ್ ಗತಿ ಏನು?

ಬೂಮ್ ಹಿಡಿದ ಭಾಗ್ಯ
ತುಂತುರಿಗೆ ಒಂದಿಷ್ಟು ತಡೆಯುತ್ತೆ. ಪೂರ್ತಿ ನೆಂದು ರೋಮ ಜಡೆಗಟ್ಟಿದ್ರೆ ಗಾಳಿಯನ್ನೂ ತಡೆಯಲ್ಲ, ಮಾತನ್ನೂ ಬಿಡಲ್ಲ. ಕೊಡೆ ಹಿಡಿದ್ರೆ ಟಪಟಪ ಅನ್ನುತ್ತೆ. ಹಾಸಿಗೆ ಅಂಗಡೀಲಿ ರಬ್ಬರ್ ಹಾಕಿದ ತೆಂಗಿನ ನಾರಿನ ಹಾಳೆ ಸಿಗುತ್ತೆ, ತುಂಡು ಕೇಳಿದ್ರೆ ಸುಮ್ನೆ ಕೊಡ್ತಾರೆ. ಅದನ್ನ ಮೈಕ್ ಮೇಲೆ ಒಂದು ಗೇಣು ಎತ್ತರದಲ್ಲಿ ಕಟ್ಟಿ. ಹನಿ ನಾರಿನ ಮೇಲೆ ಬಿದ್ದು ಒಡೆದು ಸದ್ದಿಲ್ಲದೆ ಇಳಿಯುತ್ತೆ.

ಪೀಣ್ಯ ಎರಡನೇ ಹಂತ
ನೆಂದ ಫರ್ ಒಣಗಿಸೋಕೆ ಹೇರ್ ಡ್ರೈಯರ್ ಹಾಕಬಹುದಾ?

ಸೂಜಿದಾರ ಮಲ್ಲೇಶ್ವರ
ಬಿಸಿ ಗಾಳಿ ಬೇಡಪ್ಪಾ, ಅದು ಪ್ಲಾಸ್ಟಿಕ್ ರೋಮ, ಮುದುಡಿ ಗಂಟಾಗುತ್ತೆ. ಕೊಡವಿ ನೆರಳಲ್ಲಿ ಹಾಕಿ, ಒಣಗಿದ ಮೇಲೆ ಅಗಲ ಹಲ್ಲಿನ ಬಾಚಣಿಗೇಲಿ ಬಾಚಿ. ಬುಡದಿಂದಲ್ಲ, ತುದಿಯಿಂದ ಶುರು ಮಾಡಿ.

ಪೀಣ್ಯ ಎರಡನೇ ಹಂತ
ಸರಿ ಅಕ್ಕ. ಮಾದೇಶಣ್ಣ, ಆ ಬಟ್ಟೆಗೆ ಅಂಟಿಸೋ ಟೇಪ್ ಯಾವುದು? ನಾನು ಹಾಕಿದ್ದು ಬೆವರಿಗೆ ಬಿಚ್ಚಿಕೊಳ್ತು.

ಮದುವೆ ವಿಡಿಯೋ ಮಾದೇಶ
ಮೆಡಿಕಲ್ ಸ್ಟೋರಲ್ಲಿ ಗಾಯಕ್ಕೆ ಹಾಕೋ ಬಟ್ಟೆ ಟೇಪ್ ಕೇಳು. ಚರ್ಮಕ್ಕೆ ಉರಿ ಬರಲ್ಲ, ಬೆವರಿಗೂ ಜಗ್ಗಲ್ಲ.